ಟನ್ನರ್ ಹಸ್ತಾಕ್ಷರದ ಪುಸ್ತಕ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ವಿಮಾನಗಳಲ್ಲಿ ಸರಕು ಸಾಗಿಸುವ ಕೆಲಸವನ್ನು ನಡೆಸಿದ ಅಮೆರಿಕದ ಸೇನಾಧಿಕಾರಿ ವಿಲಿಯಂ ಟನ್ನರ್ ಅವರ ಹಸ್ತಾಕ್ಷರವಿರುವ, ಅವರದೇ ನೆನಪಿನ ಪುಸ್ತಕ 'ಓವರ್ ದ ಹಂಪ್'ನ ಪ್ರತಿಯೊಂದು ಮಾರಾಟಕ್ಕಿದೆ, ಕೊಳ್ಳಬಹುದೇ ಎಂದು ಕೇಳಿದ್ದೀಯೆ. ಹಣ ಕೊಡುವ ಮೊದಲು ಮುದ್ರಣದ ವರ್ಷವನ್ನು ನೋಡು. ಪುಸ್ತಕ ಮೊದಲು ಅಚ್ಚಾದದ್ದು 1964ರಲ್ಲಿ. ಅಮೆರಿಕದ ವಾಯುಪಡೆಯ ಇತಿಹಾಸ ಕಚೇರಿ ಅದನ್ನು ಮರುಮುದ್ರಿಸಿದ್ದು 1985ರಲ್ಲಿ. ಟನ್ನರ್ ತೀರಿಕೊಂಡದ್ದು 1983ರಲ್ಲಿ. ಮರುಮುದ್ರಣದ ಪುಟದಲ್ಲಿಯೇ ಅವರ ಸಹಿ ಇದೆಯೆಂದು ಯಾರಾದರೂ ಹೇಳಿದರೆ ಚೌಕಾಸಿಯ ಮಾತೇ ಬೇಡ.

ಸಹಿಯ ಜೊತೆಗೆ ಯಾರಿಗೆ ಬರೆದುಕೊಟ್ಟದ್ದು ಎಂಬುದೂ ಇದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ. ಬರಿ ಸಹಿಯ ಶುಭ್ರ ಪ್ರತಿಗಿಂತ, ಅಸ್ಸಾಮಿನಲ್ಲಿ ಅವರ ಕೈಕೆಳಗೆ ದುಡಿದ ಪೈಲಟ್ ಅಥವಾ ಮೆಕ್ಯಾನಿಕ್ ಒಬ್ಬನ ಹೆಸರಿರುವ ಮಾಸಲು ಪ್ರತಿ ಮೇಲು. 1942ರಲ್ಲಿ ಜಪಾನೀಯರು ಚೀನಾಕ್ಕೆ ಸರಕು ಹೋಗುತ್ತಿದ್ದ ಬರ್ಮಾ ರಸ್ತೆಯನ್ನು ಕಡಿದ ಮೇಲೆ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ತಲುಪಿಸಲು ಚಬುವಾ, ದಿಂಜಾನ್ ಮೊದಲಾದ ನೆಲೆಗಳಿಂದ ಪೈಲಟ್‌ಗಳು 'ಹಂಪ್' (ಗೂನು) ಎಂದು ಕರೆಯುತ್ತಿದ್ದ ಹಿಮಾಲಯದ ಪೂರ್ವ ತುದಿಯ ಪರ್ವತಗಳನ್ನು ದಾಟಿ ಕುನ್ಮಿಂಗಿಗೆ ಹಾರಬೇಕಾಯಿತು. 1945ರ ಕೊನೆಯ ಹೊತ್ತಿಗೆ ಹೀಗೆ ಸಾಗಿಸಿದ ಸರಕು ಸುಮಾರು 6.5 ಲಕ್ಷ ಟನ್, ಕಳೆದುಕೊಂಡ ವಿಮಾನಗಳು ನೂರಾರು. 1944ರ ಸೆಪ್ಟೆಂಬರಿನಲ್ಲಿ ಹೊಣೆ ಹೊತ್ತ ಟನ್ನರ್ ಸರಕನ್ನು ಹೆಚ್ಚಿಸುವುದರ ಜೊತೆಗೆ ಅಪಘಾತಗಳನ್ನೂ ತಗ್ಗಿಸಬೇಕಿತ್ತು. ಒಂದೊಂದು ವಿಮಾನಕ್ಕೂ ಒಂದೊಂದು ತಂಡವೇ ಎಲ್ಲ ಕೆಲಸ ಮಾಡುವ ಪದ್ಧತಿಯನ್ನು ಬಿಡಿಸಿ, ವಿಮಾನವನ್ನು ಠಾಣೆಯಿಂದ ಠಾಣೆಗೆ ಸರಿಸುತ್ತ ಪ್ರತಿ ಠಾಣೆಯ ತಂಡವು ಗೊತ್ತಾದ ತಪಾಸಣೆಯನ್ನಷ್ಟೇ ಮಾಡುವಂತೆ ಏರ್ಪಡಿಸಿದರು. 1945ರ ಜುಲೈ ತಿಂಗಳೊಂದರಲ್ಲೇ 71,000 ಟನ್ ದಾಟಿತು. ಈ ಅನುಭವವನ್ನೇ ಅವರು 1948ರಲ್ಲಿ, ಸೋವಿಯತ್ ದಿಗ್ಬಂಧನದಲ್ಲಿದ್ದ ಪಶ್ಚಿಮ ಬರ್ಲಿನ್ನಿಗೆ ವಿಮಾನಗಳಲ್ಲಿ ಸರಕು ಸಾಗಿಸುವ ಕೆಲಸಕ್ಕೆ ಒಯ್ದರು.

ನಮ್ಮ ಕಡೆಯ ನಂಟೂ ಇದರಲ್ಲಿದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತವನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಲಾಗಿತ್ತು. ಈ ಯುದ್ಧರಂಗದಲ್ಲಿ ಸವೆದ ಸಾಗಣೆ ವಿಮಾನಗಳೂ ಎಂಜಿನ್‌ಗಳೂ ಅಲ್ಲಿ ದುರಸ್ತಿಯಾಗುತ್ತಿದ್ದವು. ಅಲ್ಲಿದ್ದ ಅಮೆರಿಕನ್ನನೊಬ್ಬನಿಗೆ ಬರೆದುಕೊಟ್ಟ ಪ್ರತಿ ಸಿಕ್ಕರೆ ಬೆಲೆಯ ವಿಷಯದಲ್ಲಿ ನಾನು ಹಿಂದೆಮುಂದೆ ನೋಡುವುದಿಲ್ಲ.

ಸಹಿ ಪುಟದ ಮೇಲಿದೆಯೇ, ಅಂಟಿಸಿದ ಚೀಟಿಯ ಮೇಲಿದೆಯೇ ಎಂದು ಮಾರುವವರನ್ನು ವಿಚಾರಿಸು. ಎರಡನೆಯದಾದರೆ ಕೇಳಿದ ಬೆಲೆ ಕೊಡಬೇಡ. ಶೀರ್ಷಿಕೆ ಪುಟದ ಮತ್ತು ಅದರ ಹಿಂಬದಿಯ ಚಿತ್ರಗಳನ್ನು ತರಿಸಿಕೊಂಡು ನನಗೂ ಕಳಿಸು.

ನಿನ್ನ ಗೆಳೆಯ