ಬೆರಗಿನ ಜೊತೆಗೆ ಕಾರಣವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಆಹಾರ, ಆರೋಗ್ಯ, ಪ್ರಾಣಿಪಕ್ಷಿ, ಪರಿಸರ ಕುರಿತು ಪತ್ರಿಕೆಗಳ ಮೂಲೆಯಲ್ಲಿ ಪ್ರಕಟವಾಗುವ ಚುಟುಕು ವಿಜ್ಞಾನ ಸಂಗತಿಗಳನ್ನು ನಾನು ತಪ್ಪದೆ ಓದುತ್ತೇನೆ, ಮನೆಯ ಮಕ್ಕಳಿಗೂ ಓದಿ ಹೇಳುತ್ತೇನೆ. ಅವು ಇನ್ನಷ್ಟು ಬರಲಿ ಎಂಬ ಆಸೆಯಿಂದಲೇ ಒಂದು ಕೊರತೆಯನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಬಹುತೇಕ ಚುಟುಕುಗಳಲ್ಲಿ ಸಂಗತಿ ಇರುತ್ತದೆ, ಕಾರಣ ಇರುವುದಿಲ್ಲ.

ಮೊನ್ನೆ ‘ಹಕ್ಕಿಗಳಿಗೆ ಮೆಣಸಿನಕಾಯಿ ಖಾರವಾಗುವುದಿಲ್ಲ’ ಎಂಬ ಸಾಲನ್ನು ಓದಿದಾಗ ಎಂಟು ವರ್ಷದ ಮೊಮ್ಮಗಳು ‘ಯಾಕೆ ತಾತಾ?’ ಎಂದಳು. ಸಾಲು ಅಲ್ಲಿಗೇ ಮುಗಿದಿತ್ತು. ಉತ್ತರವನ್ನು ನಾನೇ ಹುಡುಕಬೇಕಾಯಿತು. ಖಾರವೆಂಬುದು ಉಪ್ಪು, ಹುಳಿಗಳಂತೆ ರುಚಿಯಲ್ಲ, ಅದು ಉರಿ. ನಮ್ಮ ಬಾಯಿಯ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಗುರುತಿಸುವ ಪ್ರೋಟೀನ್ ಒಂದಿದ್ದು, ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಅದಕ್ಕೇ ಅಂಟಿಕೊಂಡು ಕೆರಳಿಸುವುದರಿಂದ, ಏನೂ ಸುಡದಿದ್ದರೂ ಬಾಯಿ ಸುಟ್ಟಿತೆಂದೇ ಮಿದುಳು ತಿಳಿಯುತ್ತದೆ. 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿದ ತಂಡವನ್ನು ಮುನ್ನಡೆಸಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಹಕ್ಕಿಗಳಲ್ಲೂ ಈ ಪ್ರೋಟೀನ್ ಇದೆ, ಅವಕ್ಕೂ ಬಿಸಿ ತಿಳಿಯುತ್ತದೆ. ಆದರೆ ಅದರ ರಚನೆ ತುಸು ಬೇರೆಯಾದ್ದರಿಂದ ಕ್ಯಾಪ್ಸೈಸಿನ್ ಅದನ್ನು ಕೆರಳಿಸಲಾರದು. ಗಿಡಕ್ಕೆ ಇದರಿಂದ ಲಾಭವೇ: ಇಲಿಯಂಥ ಪ್ರಾಣಿಗಳು ಬೀಜವನ್ನು ಅಗಿದು ಪುಡಿ ಮಾಡುತ್ತವೆ, ಹಣ್ಣನ್ನು ನುಂಗುವ ಹಕ್ಕಿಗಳಾದರೋ ಬೀಜವನ್ನು ಇಡಿಯಾಗಿಯೇ ದೂರ ಒಯ್ದು ಹಿಕ್ಕೆಯೊಡನೆ ಉದುರಿಸುತ್ತವೆ.

ಇಷ್ಟು ಕೇಳಿದ ಮೇಲೆ ಅವಳು ಸುಮ್ಮನಿರಲಿಲ್ಲ. ಮೆಣಸಿನಕಾಯಿಯೊಂದನ್ನು ಉದ್ದಕ್ಕೆ ಸೀಳಿಸಿ, ತುದಿಯ ಸಿಪ್ಪೆಯನ್ನೊಮ್ಮೆ, ಬೀಜ ಕಚ್ಚಿಕೊಂಡಿರುವ ಬಿಳಿ ತಿರುಳನ್ನೊಮ್ಮೆ ನಾಲಿಗೆಗೆ ಮುಟ್ಟಿಸಿ ನೋಡಿದಳು. ಖಾರದ ತವರು ಬೀಜವಲ್ಲ, ಆ ಬಿಳಿ ತಿರುಳು ಎಂಬುದು ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ತಿಳಿಯಿತು. ನೀರು ಕುಡಿದರೆ ಉರಿ ಇಳಿಯಲಿಲ್ಲ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಕುಡಿದ ಮೇಲೆ ಇಳಿಯಿತು. ಆ ಒಂದು ಸಾಲು ನಮ್ಮಿಬ್ಬರಿಗೆ ಅರ್ಧ ದಿನದ ಪಾಠವಾಯಿತು.

ಕಾರಣವನ್ನು ಕೈಬಿಟ್ಟರೆ ಕುತೂಹಲ ಬಾಡುತ್ತದೆ ಎಂಬುದಷ್ಟೇ ನನ್ನ ಆತಂಕವಲ್ಲ, ಅಪಾಯವೂ ಉಂಟು. ‘ಜೇನುತುಪ್ಪ ಎಂದೂ ಕೆಡುವುದಿಲ್ಲ’ ಎಂಬುದು ಮತ್ತೆ ಮತ್ತೆ ಅಚ್ಚಾಗುವ ಸಂಗತಿ. ಜೇನಿನಲ್ಲಿ ನೀರಿನಂಶ ಬಹಳ ಕಡಿಮೆ, ಸಕ್ಕರೆ ಹೇರಳ, ಜೊತೆಗೆ ಅದು ಆಮ್ಲೀಯ. ಹಾಗಾಗಿ ಮುಚ್ಚಿಟ್ಟ ಜೇನಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಬೆಳೆಯಲಾರವು ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎಂದಲ್ಲ. ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ನಿದ್ರಿಸುತ್ತಾ ಉಳಿದಿರಬಹುದು. ದೊಡ್ಡವರ ಕರುಳಿನಲ್ಲಿ ಅವಕ್ಕೆ ಸಾಮಾನ್ಯವಾಗಿ ನೆಲೆ ಸಿಗುವುದಿಲ್ಲ. ಹಸುಗೂಸಿನ ಎಳೆಯ ಕರುಳಿನಲ್ಲಿ ಮಾತ್ರ ಅವು ಎಚ್ಚೆತ್ತು ವಿಷ ಉತ್ಪಾದಿಸಬಲ್ಲವು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ‘ಕೆಡುವುದಿಲ್ಲ’ ಎಂದಷ್ಟೇ ಓದಿದ ತಾಯಿಗೆ ಜೇನು ಶುದ್ಧ, ನಿರಪಾಯ ಎಂದು ಅನ್ನಿಸುವುದು ಸಹಜ. ಕಾರಣವನ್ನೂ ಓದಿದ್ದರೆ ಎಚ್ಚರಿಕೆಯೂ ಅದರ ಬೆನ್ನಿಗೇ ಬರುತ್ತಿತ್ತು.

ಸ್ಥಳದ ಅಭಾವ ನನಗೆ ಅರ್ಥವಾಗುತ್ತದೆ. ಐದು ಸಂಗತಿಗಳ ಜಾಗದಲ್ಲಿ ಎರಡನ್ನೇ ಕೊಟ್ಟು, ಪ್ರತಿಯೊಂದಕ್ಕೂ ‘ಏಕೆ’ ಎಂಬುದನ್ನು ಮೂರು ನಾಲ್ಕು ಸಾಲಿನಲ್ಲಿ ವಿವರಿಸಬೇಕೆಂದೂ, ಆರೋಗ್ಯಕ್ಕೆ ಸಂಬಂಧಿಸಿದ್ದಾದರೆ ಅದು ಯಾರಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಸೇರಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ