ದಾಖಲೆ ಚಳಿ ಎಂದರೆ ಎಷ್ಟು ಡಿಗ್ರಿ?

ಮಾನ್ಯರೇ,

ಡಿಸೆಂಬರ್ ಬಂತೆಂದರೆ ‘ಕೊಡಗಿನಲ್ಲಿ ದಾಖಲೆ ಚಳಿ’ ಎಂಬ ಸುದ್ದಿ ಹರಿದಾಡುತ್ತದೆ. ಎಷ್ಟು ಡಿಗ್ರಿ, ಯಾವ ವರ್ಷದ ದಾಖಲೆ ಮುರಿಯಿತು ಎಂಬುದು ಮಾತ್ರ ಇರುವುದಿಲ್ಲ. ಬೆಳಿಗ್ಗೆ ಕಣದಲ್ಲಿ ಕಾಫಿ ಮೇಲಿನ ಟಾರ್ಪಾಲ್ ಎತ್ತಿದರೆ ಇಬ್ಬನಿ ನೀರು ಮೊಣಕೈವರೆಗೆ ಇಳಿಯುತ್ತದೆ, ನಿಜ. ಆದರೆ ದಾಖಲೆ ಎಂದರೆ 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ಕಂಡ ಚಳಿ (ಅಲ್ಲಿಗೆ ಜುಲೈ ಚಳಿಗಾಲ). ಗಿಡದೊಳಗಿನ ರಸವೇ ಹೆಪ್ಪುಗಟ್ಟಿ, ಎಲೆಗಳು ಬೆಂಕಿ ತಾಗಿದಂತೆ ಕಪ್ಪಾಗಿ, ಕೋಟ್ಯಂತರ ಕಾಫಿ ಗಿಡಗಳು ಸತ್ತವು. 1977ರ ಹೊತ್ತಿಗೆ ಜಗತ್ತಿನ ಕಾಫಿ ದರ ಗಗನಕ್ಕೇರಿತ್ತು. ನಮ್ಮಲ್ಲಿ ಗಿಡ ಹಾಗೆ ಸುಟ್ಟದ್ದನ್ನು ನಾನಂತೂ ಕಂಡಿಲ್ಲ, ಪುಣ್ಯ!

ಚಳಿಗಾಲವಿಡೀ ಮಡಿಕೇರಿಯ ಕನಿಷ್ಠ ತಾಪಮಾನವನ್ನು, ಕಳೆದ ವರ್ಷ ಅದೇ ದಿನದ ಅಂಕಿಯೊಂದಿಗೆ, ದಯವಿಟ್ಟು ಪ್ರಕಟಿಸಿ.

– ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ