ಬೀರುವಿನೊಳಗಿನ ಕ್ಯಾಮೆರಾ ಮಕ್ಕಳ ಕೈಗೆ ಬರಲಿ

ಮಾನ್ಯ ಸಂಪಾದಕರೆ,

ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ: ‘ನೀವು ಟಿವಿಯಲ್ಲಿ ಇದ್ದವರಲ್ರೀ, ನಮ್ಮ ಹುಡುಗಿಗೆ ಜರ್ನಲಿಸಂ ಕೊಡಿಸಬಹುದಾ?’ ಹೌದು ಎನ್ನುವುದಕ್ಕೂ ಬಾಯಿ ಬರುವುದಿಲ್ಲ, ಬೇಡ ಎನ್ನುವುದಕ್ಕೂ ಮನಸ್ಸು ಬರುವುದಿಲ್ಲ. ನನ್ನ ಮಗಳೇ ಬಿಎಯಲ್ಲಿ ಪತ್ರಿಕೋದ್ಯಮ ತೆಗೆದುಕೊಂಡು ಓದುತ್ತಿದ್ದಾಳೆ. ಮನಸ್ಸಿನಲ್ಲಿರುವುದನ್ನು ಒಮ್ಮೆ ಪೂರ್ತಿಯಾಗಿ ಹೇಳಿಬಿಡೋಣ ಎಂದು ಈ ಪತ್ರ.

ನಾನು ದಾವಣಗೆರೆಯವನು. ಓದಿದ್ದು ಪಿಯುಸಿ. 2002ರಿಂದ ಐದು ವರ್ಷ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡಿಕೊಂಡಿದ್ದೆ. 2006ರಲ್ಲಿ ಟಿವಿ9 ಬಂದ ಮೇಲೆ ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆಯ ಸುದ್ದಿಯ ಓಟ ಶುರುವಾಯಿತು, ಜಿಲ್ಲೆಜಿಲ್ಲೆಗೂ ಕ್ಯಾಮೆರಾಮನ್‌ಗಳು ಬೇಕಾದರು. ಮರುವರ್ಷ ನಾನೂ ಒಂದು ಸುದ್ದಿವಾಹಿನಿಗೆ ಸೇರಿದೆ. ಮೊದಲ ವರ್ಷಗಳಲ್ಲಿ ಟೇಪನ್ನು ಕವರಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಚಾನೆಲ್ ಹೆಸರು ಬರೆದು, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಆಫೀಸಿನ ಹುಡುಗ ಕಾದಿದ್ದು ಇಸಿದುಕೊಳ್ಳುತ್ತಿದ್ದ. ಆಮೇಲೆ ಮೆಮೊರಿ ಕಾರ್ಡ್ ಬಂತು, ಸೈಬರ್ ಕೆಫೆಯಲ್ಲಿ ಕೂತು ಫೈಲ್ ಕಳಿಸುವುದು ಬಂತು. ನೇರ ಪ್ರಸಾರಕ್ಕೆ ಒಬಿ ವ್ಯಾನ್ (ಸ್ಥಳದಿಂದಲೇ ಲೈವ್ ಕಳಿಸುವ ವಾಹನ) ಬಂದರೆ ಅದರ ಜೊತೆ ಡ್ರೈವರ್, ಎಂಜಿನಿಯರ್, ಕ್ಯಾಮೆರಾಮನ್, ವರದಿಗಾರ ಎಂದು ನಾಲ್ವರು ಇರುತ್ತಿದ್ದರು. ನಾಲ್ಕಾರು ಸಿಮ್ ಒಟ್ಟಿಗೆ ಹಾಕಿ ಎಲ್ಲಿಂದ ಬೇಕಾದರೂ ಲೈವ್ ಕೊಡುವ ಬ್ಯಾಕ್‌ಪ್ಯಾಕ್ ಬಂದಾಗ ಇಬ್ಬರು ಸಾಕಾದರು. ಈಗ ಮೊಬೈಲ್ ಹಿಡಿದ ವರದಿಗಾರ ಒಬ್ಬನೇ.

2024ರಲ್ಲಿ ಒಂದು ಸೋಮವಾರ ಬೆಂಗಳೂರಿನಿಂದ ಫೋನ್ ಬಂತು. ಮುಂದಿನ ತಿಂಗಳಿಂದ ಜಿಲ್ಲೆಗಳಲ್ಲಿ ಕ್ಯಾಮೆರಾಮನ್ ಇರುವುದಿಲ್ಲ. ಕ್ಯಾಮೆರಾ, ಟ್ರೈಪಾಡ್, ಲೋಗೊ ಮೈಕು ಕೊರಿಯರ್ ಮಾಡಿಬಿಡಿ ಎಂದರು. 17 ವರ್ಷದ ಲೆಕ್ಕ ಮೂರು ನಿಮಿಷದಲ್ಲಿ ಮುಗಿಯಿತು. ಈಗ ಮತ್ತೆ ಮದುವೆಗಳನ್ನೇ ಮಾಡುತ್ತಿದ್ದೇನೆ. ಯೂಟ್ಯೂಬ್‌ನಲ್ಲಿ ಲೈವ್ ಬೇಕು ಎನ್ನುವವರು ಹೆಚ್ಚಾಗಿರುವುದರಿಂದ ಸಂಸಾರ ನಡೆಯುತ್ತಿದೆ. ನನ್ನ ಕಷ್ಟ ಹೇಳಿಕೊಳ್ಳಲು ಇಷ್ಟು ಬರೆದದ್ದಲ್ಲ. ನಾನು ನಿಂತಿದ್ದ ಜಾಗವೇ ಈಗ ಇಲ್ಲ, ಆದರೆ ಆ ಜಾಗಕ್ಕೆಂದೇ ಮಕ್ಕಳನ್ನು ಇನ್ನೂ ತಯಾರು ಮಾಡುತ್ತಿದ್ದೇವಲ್ಲ ಎಂಬ ಚಿಂತೆ.

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆಯ ಕಾಲೇಜೊಂದರ ಪತ್ರಿಕೋದ್ಯಮ ಮೇಡಂ ನನ್ನನ್ನು ಒಂದು ದಿನದ ಕಾರ್ಯಾಗಾರಕ್ಕೆ ಕರೆದರು. ಅವರು ಅತಿಥಿ ಉಪನ್ಯಾಸಕರು. ‘ಕ್ಯಾಮೆರಾ ಇದೆಯಾ ಮೇಡಂ?’ ಎಂದು ಕೇಳಿದೆ. ಕಬ್ಬಿಣದ ಬೀರುವಿನ ಬೀಗ ತೆಗೆದು ತೋರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ ಮಿನಿ ಡಿವಿ ಎಂಬ ಪುಟ್ಟ ಟೇಪಿನ ಹಳೆಯ ಕ್ಯಾಮೆರಾ. ಮೈಮೇಲೆ ದಾಸ್ತಾನು ಪುಸ್ತಕದ ಸಂಖ್ಯೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಲೆನ್ಸಿಗೆ ಒಂದು ಗೀರೂ ಬಿದ್ದಿಲ್ಲ. ಬ್ಯಾಟರಿ ಮಾತ್ರ ಉಬ್ಬಿ, ತನ್ನ ಖಾನೆಯಿಂದ ಹೊರಗೆ ಬರದಂತೆ ಕಚ್ಚಿಕೊಂಡಿತ್ತು. ಅಷ್ಟು ವರ್ಷದಲ್ಲಿ ಒಂದು ಮಗುವೂ ಅದನ್ನು ಹಿಡಿದಂತೆ ಕಾಣಲಿಲ್ಲ. ‘ಮುರಿದರೆ ಯಾರ ಸಂಬಳದಲ್ಲಿ ಹಿಡೀತಾರೋ ಅನ್ನೋ ಭಯ ಸರ್, ನನಗೆ ಸಂಬಳವೇ ಸರಿಯಾಗಿ ಬರಲ್ಲ’ ಎಂದರು ಮೇಡಂ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಲಿಯುವ ಕೈಯಲ್ಲಿ ಸಾಮಾನು ಸವೆಯುತ್ತದೆ ಎಂಬುದಕ್ಕೆ ನಮ್ಮ ಲೆಕ್ಕಪತ್ರದಲ್ಲಿ ಜಾಗ ಇಲ್ಲ, ಅಷ್ಟೇ.

ಅವತ್ತು ನಾಲ್ಕು ಮೊಬೈಲ್ ತೆಗೆದುಕೊಂಡು ಹನ್ನೆರಡು ಮಕ್ಕಳ ಜೊತೆ ಮಂಡಕ್ಕಿ ಭಟ್ಟಿಗೆ ಹೋದೆವು. ದಾವಣಗೆರೆಯ ಮಕ್ಕಳು ದಿನಾ ಮಂಡಕ್ಕಿ ತಿನ್ನುತ್ತಾರೆ, ಭಟ್ಟಿಯೊಳಗೆ ಕಾಲಿಟ್ಟವರು ಹನ್ನೆರಡರಲ್ಲಿ ಇಬ್ಬರೇ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಅರಳುತ್ತದೆ; ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಬ್ಬ ಹುಡುಗಿ ಒಲೆಯ ಮುಂದೆಯೇ ನಿಂತು ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬರನ್ನು ಮಾತಾಡಿಸಿದಳು. ಪ್ರಶ್ನೆ ಚೆನ್ನಾಗಿದ್ದವು, ಆ ತಾಯಿಯೂ ಮನಸ್ಸು ಬಿಚ್ಚಿ ಮಾತಾಡಿದರು. ಕಾಲೇಜಿಗೆ ಬಂದು ಹಾಕಿ ಕೇಳಿದರೆ ಬರೀ ಒಲೆಯ ಭೋರೆನ್ನುವ ಸದ್ದು. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಆಗ ಅವಳಿಗೆ ನನ್ನದೇ ಒಂದು ಕಥೆ ಹೇಳಿದೆ. 2009ರ ಅಕ್ಟೋಬರ್‌ನಲ್ಲಿ ಕೃಷ್ಣೆ, ತುಂಗಭದ್ರೆ ಉಕ್ಕಿ ಉತ್ತರ ಕರ್ನಾಟಕದ ಊರೂರೇ ಮುಳುಗಿದಾಗ ನನ್ನನ್ನು ರಾಯಚೂರು ಕಡೆಗೆ ಕಳಿಸಿದ್ದರು. ಗೋಡೆ ಬಿದ್ದ ಮನೆಯ ಮುಂದೆ ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು ಒಬ್ಬ ಅಜ್ಜಿ ಹತ್ತು ನಿಮಿಷ ಮಾತಾಡಿದರು. ಮೈಕಿನ ವೈರು ಕ್ಯಾಮೆರಾಕ್ಕೆ ಪೂರ್ತಿ ಕೂತಿರಲಿಲ್ಲ. ಆತುರದಲ್ಲಿ ನಾನು ಹೆಡ್‌ಫೋನ್ ಹಾಕಿರಲಿಲ್ಲ. ಟೇಪಿನಲ್ಲಿ ಅಜ್ಜಿಯ ತುಟಿ ಅಲುಗಾಡುತ್ತದೆ, ದನಿಯೇ ಇಲ್ಲ. ತಿರುಗಿ ಹೋಗಿ ಮತ್ತೆ ಹೇಳಿ ಎಂದು ಕೇಳುವ ಮುಖ ನನಗಿರಲಿಲ್ಲ. ಅವತ್ತಿನಿಂದ ಕಿವಿಗೆ ಹೆಡ್‌ಫೋನ್ ಇಲ್ಲದೆ ರೆಕಾರ್ಡ್ ಗುಂಡಿ ಒತ್ತಿದವನಲ್ಲ. ಟಿವಿಯಲ್ಲಿ ಚಿತ್ರ ಸ್ವಲ್ಪ ಕೆಟ್ಟರೂ ಜನ ನೋಡುತ್ತಾರೆ, ದನಿ ಕೆಟ್ಟರೆ ಚಾನೆಲ್ ಬದಲಿಸುತ್ತಾರೆ. ಯಾರೂ ನನಗೆ ಕಲಿಸಲಿಲ್ಲ, ಆ ಅಜ್ಜಿಗೆ ಆದ ಅನ್ಯಾಯದಿಂದ ಕಲಿತೆ.

ಮುಂದಿನ ಶನಿವಾರ ಮಕ್ಕಳು ತಾವಾಗಿಯೇ ಮತ್ತೆ ಭಟ್ಟಿಗೆ ಹೋದರು. ಆ ತಾಯಿಯನ್ನು ಹೊರಗೆ ಮರದ ನೆರಳಿಗೆ ಕರೆತಂದು, ಇಯರ್‌ಫೋನಿನ ಮೈಕನ್ನು ಸೆರಗಿನ ಹತ್ತಿರ ಸಿಕ್ಕಿಸಿ, ಮೊದಲು ಹತ್ತು ಸೆಕೆಂಡ್ ಕೇಳಿ ನೋಡಿ, ಆಮೇಲೆ ಮಾತಾಡಿಸಿದರು. ‘ನಸುಕಿನ ಮೂರಕ್ಕೆ ಒಲೆ ಹಚ್ತೀವಿ ಮಗಾ, ಬಿಸಿಲು ಏರೋದ್ರೊಳಗ ಮುಗೀಬೇಕು’ ಎನ್ನುವ ಮಾತು ಸ್ಪಷ್ಟವಾಗಿ ಕೇಳಿತು. ಒಂದು ನಿಮಿಷ ನಲವತ್ತು ಸೆಕೆಂಡಿನ ಪ್ಯಾಕೇಜ್, ಅಂದರೆ ಪ್ರಸಾರಕ್ಕೆ ಸಿದ್ಧವಾದ ವರದಿ. ಹಿನ್ನೆಲೆಯ ದನಿ (ವಾಯ್ಸ್ ಓವರ್) ಆ ಹುಡುಗಿಯದೇ. ನಮ್ಮ ಚಾನೆಲ್‌ನ ಡೆಸ್ಕಿಗೆ ಕಳಿಸಿದ್ದರೆ ಒಂದು ಕಟ್ಟೂ ಇಲ್ಲದೆ ಪ್ರಸಾರವಾಗುತ್ತಿತ್ತು ಎಂದು ಧೈರ್ಯವಾಗಿ ಹೇಳುತ್ತೇನೆ. ಇಷ್ಟಕ್ಕೆ ಬೇಕಾದದ್ದು ಎರಡು ಶನಿವಾರ.

ಪಠ್ಯದ ಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಂದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳೂ ಇದ್ದವು, 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂತು ಎನ್ನುವುದು ನನಗೆ ಗೊತ್ತಾದದ್ದು ಮಗಳ ನೋಟ್ಸ್ ಓದಿಯೇ. ಓದಿ ಮೈ ಜುಮ್ಮೆಂದಿತು. ಆದರೆ ಪರೀಕ್ಷೆಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದ ಮಗುವಿಗೆ ಒಂದು ಬೈಟ್ (ಕ್ಯಾಮೆರಾ ಮುಂದೆ ಒಬ್ಬರ ಮಾತು) ತೆಗೆಯಲು ಬರದಿದ್ದರೆ ಮೂರು ವರ್ಷ ಏನು ಮಾಡಿದೆವು?

ಕೈಯಿಂದ ಕಲಿಸುವುದು ಈ ರಾಜ್ಯಕ್ಕೆ ಹೊಸದೂ ಅಲ್ಲ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಕಲಿತು ಮುಂಬೈಗೆ ಹೋದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಚಿತ್ರನಿರ್ದೇಶಕ ಗೋವಿಂದ್ ನಿಹಲಾನಿಯವರೂ ಅಲ್ಲಿಯೇ ಕಲಿತವರು. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ. ಅದು ಬೆಂಗಳೂರಿನ ಪಕ್ಕದಲ್ಲಿ. ಜಗಳೂರು, ಹರಪನಹಳ್ಳಿಯ ಮಗು ಓದುವುದು ತನ್ನ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ.

ಕೆಲಸಗಳು ಎಲ್ಲಿವೆ ಎಂಬುದನ್ನೂ ಮಕ್ಕಳಿಗೆ ಯಾರೂ ನೇರವಾಗಿ ಹೇಳುತ್ತಿಲ್ಲ. ಕಾರ್ಯಾಗಾರದ ದಿನ ‘ಮುಂದೆ ಏನಾಗಬೇಕು’ ಎಂದು ಕೇಳಿದರೆ ಹನ್ನೆರಡರಲ್ಲಿ ಒಂಬತ್ತು ಮಕ್ಕಳು ‘ಆ್ಯಂಕರ್’ ಎಂದರು. ಆ್ಯಂಕರ್ ಕುರ್ಚಿ ಒಂದು ಚಾನೆಲ್‌ನಲ್ಲಿ ಎಷ್ಟಿರುತ್ತದೆ? 2023ರ ಜುಲೈನಲ್ಲಿ ಪವರ್ ಟಿವಿಯವರು ‘ಸೌಂದರ್ಯಾ’ ಎಂಬ ಎಐ ನಿರೂಪಕಿಯನ್ನು ತಂದರು, ಮರುವರ್ಷ ದೂರದರ್ಶನದ ರೈತರ ವಾಹಿನಿ ಡಿಡಿ ಕಿಸಾನ್‌ನಲ್ಲೂ ಅಂಥ ಇಬ್ಬರು ಬಂದರು. ಬರೆದುಕೊಟ್ಟದ್ದನ್ನು ಓದುವುದಷ್ಟೇ ಕೆಲಸವಾದರೆ ಅದಕ್ಕೆ ಯಂತ್ರ ಬಂದಿದೆ. ಭಟ್ಟಿಗೆ ಹೋಗಿ ಆ ತಾಯಿಯನ್ನು ನೆರಳಿಗೆ ಕರೆದು ಕೂರಿಸುವ ಯಂತ್ರ ಬಂದಿಲ್ಲ. ಹೀಗಿದ್ದೂ ‘ಮೂರೇ ತಿಂಗಳಲ್ಲಿ ಟಿವಿ ನಿರೂಪಕರಾಗಿ’ ಎಂಬ ಜಾಹೀರಾತು ನೋಡಿ ನಮ್ಮ ಬೀದಿಯ ಹುಡುಗಿಯೊಬ್ಬಳು 45 ಸಾವಿರ ಕಟ್ಟಿದಳು. ಅವಳಪ್ಪ ಹಮಾಲಿ ಕೆಲಸ ಮಾಡುವವರು. ಅಲ್ಲಿ ಕಲಿತದ್ದು ಮೇಕಪ್ಪು ಮತ್ತು ಟೆಲಿಪ್ರಾಂಪ್ಟರ್ ಪರದೆಯ ಮೇಲಿನ ಅಕ್ಷರ ಓದುವುದು. ಈಗ ಅವಳು ಬಟ್ಟೆ ಅಂಗಡಿಯಲ್ಲಿದ್ದಾಳೆ. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸುದ್ದಿಯೇ ಟಿವಿ ಎಂದುಕೊಂಡಿರುವುದು ಇನ್ನೊಂದು ತಪ್ಪು. ನನ್ನ ಜೊತೆ ಮದುವೆಗಳಲ್ಲಿ ಲೈಟ್ ಹಿಡಿಯುತ್ತಿದ್ದ ಹುಡುಗ ಇವತ್ತು ಬೆಂಗಳೂರಿನಲ್ಲಿ ಧಾರಾವಾಹಿಗಳ ಪ್ರೊಮೊ ಎಡಿಟರ್. ಇಪ್ಪತ್ತೆರಡು ನಿಮಿಷದ ಕಂತಿನಿಂದ ಮೂವತ್ತು ಸೆಕೆಂಡ್ ಹೆಕ್ಕಿ, ನಾಳೆ ಜನ ಮತ್ತೆ ಟಿವಿ ಮುಂದೆ ಕೂರುವ ಹಾಗೆ ಕತ್ತರಿಸುವುದು ಅವನ ಕೆಲಸ. ಹೀಗೊಂದು ಹುದ್ದೆ ಇದೆ ಎಂದೇ ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ಕಂಟಿನ್ಯುಟಿ (ಒಂದು ದೃಶ್ಯಕ್ಕೂ ಮುಂದಿನದಕ್ಕೂ ಬಟ್ಟೆ, ಸಾಮಾನು ಹೊಂದುತ್ತವೆಯೇ ಎಂದು) ನೋಡುವವರು, ಡಬ್ಬಿಂಗ್‌ಗೆ ಸಂಭಾಷಣೆ ಬರೆಯುವವರು, ಸಬ್‌ಟೈಟಲ್ ಹಾಕುವವರು, ಉದ್ದನೆಯ ಕಾರ್ಯಕ್ರಮವನ್ನು ಮೊಬೈಲ್ ಪರದೆಗೆ ತಕ್ಕಂತೆ ತುಂಡು ಮಾಡುವವರು, ಎಲ್ಲ ಕಡೆ ಕನ್ನಡ ಚೆನ್ನಾಗಿ ಬಲ್ಲ ಮಕ್ಕಳೇ ಬೇಕು. ಹಾಗೆಂದು ಅಲ್ಲಿ ಹೊಳೆ ಹರಿಯುತ್ತಿದೆ ಎಂದು ಸುಳ್ಳು ಹೇಳಲಾರೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ 2024ರ ನವೆಂಬರ್‌ನಿಂದ ಒಂದೇ ಸಂಸ್ಥೆಯ ಕೆಳಗೆ ಬಂದಿವೆ. ಎರಡು ಬಾಗಿಲು ತಟ್ಟುತ್ತಿದ್ದವರಿಗೆ ಈಗ ಒಂದೇ ಯಜಮಾನರು.

ಮಕ್ಕಳಿಗೆ ನೇಮಕಾತಿ ಪತ್ರ ಓದುವುದನ್ನೂ ಕಲಿಸಬೇಕು. ನನ್ನ ಹತ್ತಿರ 17 ವರ್ಷಕ್ಕೆ ಇರುವುದು ಎರಡು ಗುರುತಿನ ಚೀಟಿ ಮಾತ್ರ. ಪಿಎಫ್ ಇರಲಿಲ್ಲ, ಕೇಳಬೇಕು ಎಂಬುದೂ ತಿಳಿದಿರಲಿಲ್ಲ. 1955ರ ಶ್ರಮಜೀವಿ ಪತ್ರಕರ್ತರ ಕಾಯ್ದೆ ಪತ್ರಿಕೆಗಳಲ್ಲಿ ದುಡಿಯುವವರಿಗೆಂದು ಮಾಡಿದ್ದು. ಟಿವಿ ಮತ್ತು ಡಿಜಿಟಲ್ ಮಾಧ್ಯಮದ ಪತ್ರಕರ್ತರು ಕಾನೂನಿನ ವ್ಯಾಖ್ಯೆಯೊಳಗೆ ಬಂದದ್ದು 2020ರ ಕಾರ್ಮಿಕ ಸಂಹಿತೆಯಲ್ಲಿ. ಇದು ಪತ್ರಿಕೋದ್ಯಮ ತರಗತಿಯಲ್ಲಿ ಒಂದು ಪೂರ್ತಿ ದಿನದ ಪಾಠ ಆಗಬೇಕಾದ ವಿಷಯ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಜಿಲ್ಲೆಗಳಲ್ಲಿ ನನ್ನಂಥ ಕ್ಯಾಮೆರಾಮನ್‌ಗಳು, ಎಡಿಟರ್‌ಗಳು ಕೆಲಸ ಕಳೆದುಕೊಂಡು ಕೂತಿದ್ದಾರೆ. ಕೈಯಲ್ಲಿ ವಿದ್ಯೆ ಇದೆ, ಸ್ನಾತಕೋತ್ತರ ಪದವಿ ಇಲ್ಲ. ಹಾಗಾಗಿ ಅತಿಥಿ ಉಪನ್ಯಾಸಕರಾಗಿಯೂ ಕಾಲೇಜಿನ ಮೆಟ್ಟಿಲು ಹತ್ತುವಂತಿಲ್ಲ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ತೆರೆಯಿತು. ಕನಿಷ್ಠ 15 ವರ್ಷ ಒಂದು ಕ್ಷೇತ್ರದಲ್ಲಿ ಪಳಗಿದವರಿಗೆ ಪದವಿ ಕಡ್ಡಾಯವಲ್ಲ, ಮಂಜೂರಾದ ಹುದ್ದೆಗಳ ಶೇ 10ರವರೆಗೆ ಹೀಗೆ ತೆಗೆದುಕೊಳ್ಳಬಹುದು. ಮಾಧ್ಯಮದ ಹೆಸರೂ ಅದರಲ್ಲಿದೆ. ಆದರೆ ಮೇಲ್ಮಟ್ಟದ ಸ್ಥಾನದಲ್ಲಿದ್ದವರಿಗೆ ಅಲ್ಲಿ ಆದ್ಯತೆ. ಸಂಪಾದಕರು, ಮುಖ್ಯಸ್ಥರು ವಿಶ್ವವಿದ್ಯಾಲಯಗಳಿಗೆ ಬರಲಿ, ಸಂತೋಷ. ತಾಲ್ಲೂಕಿನ ಪದವಿ ಕಾಲೇಜಿಗೆ ಕೆಸರಿನಲ್ಲಿ ನಿಂತು ಶೂಟ್ ಮಾಡಿದವನೂ ಬರುವಂತಾಗಲಿ. ಪ್ರೊಫೆಸರ್ ಎಂಬ ಹೆಸರು ಬೇಡ. ಗಂಟೆಗೆ ಇಷ್ಟು ಎಂದು ಗೌರವಧನ ಕೊಟ್ಟು, ‘ಪ್ರಾಯೋಗಿಕ ಬೋಧಕ’ ಎಂದು ಒಂದು ಚೀಟಿ ಕೊಟ್ಟರೆ ಸಾಕು. ಉನ್ನತ ಶಿಕ್ಷಣ ಸಚಿವರು ಮತ್ತು ಕಾಲೇಜು ಶಿಕ್ಷಣ ಇಲಾಖೆಯವರು ಇದನ್ನು ದಯವಿಟ್ಟು ಯೋಚಿಸಬೇಕು. ಜೊತೆಗೆ, ಮಕ್ಕಳು ಬಳಸುವ ಕ್ಯಾಮೆರಾ, ಮೈಕು ಕೆಟ್ಟರೆ ಅದನ್ನು ಪಾಠದ ಖರ್ಚು ಎಂದು ಬರೆದುಕೊಳ್ಳುವ ಒಂದು ಸುತ್ತೋಲೆ ಹೊರಡಿಸಬೇಕು. ಆ ಒಂದು ಹಾಳೆ ಬಂದರೆ ಎಷ್ಟೋ ಬೀರುಗಳ ಬೀಗ ತೆರೆಯುತ್ತದೆ.

ಪ್ರತಿ ವಾರ ಹತ್ತು ನಿಮಿಷದ ತಾಲ್ಲೂಕು ವಾರ್ತೆಯನ್ನು ಮಕ್ಕಳಿಂದಲೇ ಮಾಡಿಸಿ, ಊರಿನ ಕೇಬಲ್‌ನವರಿಗೆ ಕೊಡಬೇಕೆಂಬುದು ಮೇಡಂ ಮತ್ತು ನನ್ನ ಆಸೆ. ಅವರು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದಾರೆ. ಅನುಮತಿ ಸಿಕ್ಕರೆ ಮದುವೆ ಮುಹೂರ್ತ ಇಲ್ಲದ ಶನಿವಾರಗಳಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಬರುತ್ತೇನೆ, ಕ್ಯಾಮೆರಾ ಮತ್ತು ಎರಡು ಹೆಡ್‌ಫೋನ್ ನಾನೇ ತರುತ್ತೇನೆ. ಒಂದು ಕೊಠಡಿ, ಕರೆಂಟು ಇರುವ ಒಂದು ಪ್ಲಗ್ ಪಾಯಿಂಟು ಕೊಟ್ಟರಾಯಿತು.

ಇತಿ,
ಒಬ್ಬ ಕ್ಯಾಮೆರಾಮನ್,
ದಾವಣಗೆರೆ